ಗೇರ್ ನಾಬ್ ಬದಲಾಯಿಸ್ತೀರಾ? ಮೊದ್ಲು ಥ್ರೆಡ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಗೇರ್ ನಾಬ್ ಬಗ್ಗೆನೇ ಇತ್ತು, ಅದಕ್ಕೆ ಟೈರು, ಮೈಲೇಜು, ಬ್ಯಾಟರಿ ಎಲ್ಲಾ ಮುಂದಿನ ಸಲಕ್ಕೆ ಇಟ್ಕೊಂಡು ಇದನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂದವರಿಗೆ ನಾನೇ ಒಂದೊಂದು ಹೆಸರು ಇಟ್ಟಿದೀನಿ, ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ನನ್ನ ಕಾರಿನ ಗೇರ್ ನಾಬ್ ಲೆದರ್ ಸುಲಿದು ಹೋಗಿದೆ, ಓಡಿಸಿ ಇಳಿದ್ರೆ ಅಂಗೈ ತುಂಬ ಕಪ್ಪು ಕಪ್ಪು ಚೂರು. ಆನ್‌ಲೈನಲ್ಲಿ ಒಂದು ಸ್ಟೀಲ್ ಬಾಲ್ ನಾಬ್ ನೋಡಿಟ್ಟಿದೀನಿ, ಸೂಪರ್ ಆಗಿದೆ, 'ಯೂನಿವರ್ಸಲ್ ಫಿಟ್' ಅಂತ ಬರ್ದಿದಾರೆ. ತಗೊಳ್ಳಬಹುದಾ?
— ಕೈ ಕಪ್ಪಾದವ

ಉತ್ತರ: 'ಯೂನಿವರ್ಸಲ್' ಅಂತ ಕಂಡ ತಕ್ಷಣ ಆರ್ಡರ್ ಒತ್ಬೇಡಿ ಮಾರಾಯ್ರೇ. ಆ ಥರದ ನಾಬ್‌ಗಳಲ್ಲಿ ಸಾಮಾನ್ಯವಾಗಿ ಏನಿರತ್ತೆ ಅಂದ್ರೆ, ತೂತು ನಿಮ್ಮ ಗೇರ್ ರಾಡ್‌ಗಿಂತ ದೊಡ್ಡದಿರತ್ತೆ, ಅದರೊಳಗೆ ಒಂದು ಪ್ಲಾಸ್ಟಿಕ್ ತೋಳು ತುರುಕಿ ಸೈಡಿಂದ ಮೂರು ಸಣ್ಣ ಗ್ರಬ್ ಸ್ಕ್ರೂನ (ತಲೆ ಇಲ್ಲದ ಸ್ಕ್ರೂ) ಅಲೆನ್ ಕೀಲಿ ಟೈಟ್ ಮಾಡ್ಬೇಕು. ಹಾಕಿದ ದಿನ ಗಟ್ಟಿಯಾಗೇ ಇರತ್ತೆ. ಆದ್ರೆ ಗೇರ್ ರಾಡ್ ಇಂಜಿನ್ ಜೊತೆ ಸದಾ ನಡುಗ್ತಾನೇ ಇರೋದ್ರಿಂದ ಸ್ಕ್ರೂ ನಿಧಾನಕ್ಕೆ ಸಡಿಲ ಆಗತ್ತೆ, ನಾಬ್ ಗರಗರ ತಿರುಗೋಕೆ ಶುರುವಾಗತ್ತೆ, ಒಂದಿನ ಓವರ್‌ಟೇಕ್ ಮಾಡೋವಾಗ ಮೂರರಿಂದ ಎರಡಕ್ಕೆ ಎಳೆದ್ರೆ ಗೇರ್ ಅಲ್ಲೇ ಇರತ್ತೆ, ನಾಬ್ ಮಾತ್ರ ಕೈಗೆ ಬಂದಿರತ್ತೆ. ಥ್ರೆಡ್ (ಸ್ಕ್ರೂ ಮೇಲಿರೋ ಥರದ ಸುರುಳಿ ಏಣು) ಇರೋ ರಾಡ್ ಮೇಲೆ ಇದನ್ನ ಹಾಕಿದ್ರೆ ಇನ್ನೊಂದು ಕಾಟ, ಸ್ಕ್ರೂ ಮೊನೆ ಒತ್ತಿ ಒತ್ತಿ ಥ್ರೆಡ್ ಜಜ್ಜಿಹೋಗತ್ತೆ, ಆಮೇಲೆ ಹಳೇ ನಾಬ್ ಕೂಡ ಸರಿಯಾಗಿ ಕೂರಲ್ಲ.

ಅದಕ್ಕೇ ಬಣ್ಣ, ಆಕಾರ ನೋಡೋಕೆ ಮುಂಚೆ ಥ್ರೆಡ್ ಸೈಜ್ ತಿಳ್ಕೊಳ್ಳಿ. ಹೋಂಡಾ ಕಾರುಗಳಲ್ಲಿ ಸಾಮಾನ್ಯವಾಗಿ ಎಂ10 × 1.5, ಮಾಜ್ದಾ ಮತ್ತು ನಿಸಾನ್‌ನಲ್ಲಿ ಎಂ10 × 1.25, ಟೊಯೋಟಾ ಮತ್ತು ಸುಬಾರುನಲ್ಲಿ ಎಂ12 × 1.25. ಮೊದಲನೇದು ರಾಡ್‌ನ ದಪ್ಪ, ಎರಡನೇದು ಪಿಚ್, ಅಂದ್ರೆ ಥ್ರೆಡ್‌ನ ಒಂದು ಏಣಿಂದ ಪಕ್ಕದ ಏಣಿಗೆ ಇರೋ ದೂರ, ಎರಡೂ ಮಿಲಿಮೀಟರ್ ಲೆಕ್ಕದಲ್ಲಿ. ಒಂದೇ ಕಂಪನಿಲೂ ಮಾಡೆಲ್, ವರ್ಷ ನೋಡ್ಕೊಂಡು ಬದಲಾಗತ್ತೆ, ಹಾಗಾಗಿ ಈ ಪಟ್ಟಿ ನಂಬಿ ದುಡ್ಡು ಕಟ್ಟೋದಕ್ಕಿಂತ ಒಂದು ಸಲ ನಾಬ್ ಬಿಚ್ಚಿ ಅಳೆಯೋದು ವಾಸಿ. ದೊಡ್ಡ ಕೆಲಸ ಏನಲ್ಲ. ರಾಡ್ ಪಕ್ಕ ಸ್ಕೇಲ್ ಹಿಡಿದು ಒಂದು ಏಣಿಂದ ಶುರು ಮಾಡಿ ಹತ್ತು ಸಂದು ಎಣಿಸಿ, 15 ಮಿ.ಮೀ. ಬಂದ್ರೆ ಪಿಚ್ 1.5, ಹನ್ನೆರಡೂವರೆ ಬಂದ್ರೆ 1.25. ಸ್ಕೇಲ್ ಬೇಜಾರು ಅಂದ್ರೆ ಹಾರ್ಡ್‌ವೇರ್ ಅಂಗಡಿಲಿ ಒಂದು ಮಾಮೂಲಿ ಎಂ10 ನಟ್ ತಗೊಂಡು ಬೆರಳಲ್ಲೇ ಹಾಕಿ ನೋಡಿ, ಮಾಮೂಲಿ ನಟ್‌ನ ಪಿಚ್ 1.5 ಇರತ್ತೆ, ಕೊನೇವರೆಗೂ ಸಲೀಸಾಗಿ ಇಳಿದ್ರೆ ನಿಮ್ದು ಎಂ10 × 1.5. ಎಂ12ಗೆ ಈ ಉಪಾಯ ನಡೆಯಲ್ಲ, ಅಂಗಡಿಲಿ ಸಿಗೋ ಮಾಮೂಲಿ ಎಂ12 ನಟ್ 1.75 ಪಿಚ್‌ದು, 1.25 ಅಂತ ಬಿಡಿಸಿ ಹೇಳಿ ಕೇಳ್ಬೇಕು.

ಪಿಚ್ ತಪ್ಪಿರೋ ನಾಬ್ ಕೂಡ ಒಂದು ಒಂದೂವರೆ ಸುತ್ತು ಹೋಗತ್ತೆ, ಜನ ಮೋಸ ಹೋಗೋದು ಇಲ್ಲೇ. ಆಮೇಲೆ ಬಿಗಿಯಾದಾಗ ಬಟ್ಟೆ ಸುತ್ತಿ ಪ್ಲೈಯರ್ ಹಿಡಿದು ತಿರುಗಿಸ್ತಾರೆ. ರಾಡ್ ಸ್ಟೀಲು, ನಾಬ್ ಅಲ್ಯೂಮಿನಿಯಂ ಆದ್ರೆ ಒಳಗಿನ ಥ್ರೆಡ್ ಪುಡಿಪುಡಿ. ಬೆರಳಲ್ಲಿ ತಿರುಗದೇ ಇದ್ರೆ ಅದು ನಿಮ್ಮ ಕಾರಿಂದಲ್ಲ, ವಾಪಸ್ ಕಳ್ಸಿ.

ಇನ್ನೊಂದು ಮಾತು. ಫೋಕ್ಸ್‌ವ್ಯಾಗನ್ ಥರದ ಎಷ್ಟೋ ಯುರೋಪಿಯನ್ ಕಾರುಗಳಲ್ಲಿ ಥ್ರೆಡ್ಡೇ ಇರಲ್ಲ, ನುಣುಪಾದ ರಾಡ್ ಮೇಲೆ ನಾಬ್ ಒತ್ತಿ ಕೂರಿಸಿ ಕ್ಲಾಂಪ್ ಹಾಕಿರ್ತಾರೆ, ಕೆಳಗಿನ ಲೆದರ್ ಬೂಟೂ (ರಾಡ್ ಬುಡ ಮುಚ್ಚೋ ಚೀಲ) ನಾಬ್‌ಗೇ ಸೇರ್ಕೊಂಡಿರತ್ತೆ. ಅದಕ್ಕೆ ಆ ಮಾಡೆಲ್‌ಗೇ ಅಂತ ಮಾಡಿರೋ ನಾಬ್-ಬೂಟ್ ಸೆಟ್ ತಗೊಳ್ಳೋದೇ ಸರಿ.

ಪ್ರಶ್ನೆ: ಭಾರದ ನಾಬ್ ಹಾಕಿದ್ರೆ ಗೇರ್ ಬೆಣ್ಣೆ ಥರ ಬೀಳತ್ತೆ ಅಂತ ಒಬ್ಬ ಫ್ರೆಂಡ್ ಹೇಳ್ತಾನೆ, ಗೇರ್‌ಬಾಕ್ಸೇ ಹಾಳಾಗತ್ತೆ ಅಂತ ಇನ್ನೊಬ್ಬ. ಯಾರ ಮಾತು ಕೇಳ್ಲಿ?
— ಇಬ್ಬರ ಮಧ್ಯೆ ಸಿಕ್ಕಾಕೊಂಡವ

ಉತ್ತರ: ಇಬ್ಬರೂ ಸ್ವಲ್ಪ ಸ್ವಲ್ಪ ಸರಿ, ಇಬ್ಬರೂ ಸ್ವಲ್ಪ ಜಾಸ್ತಿನೇ ಹೇಳಿದಾರೆ.

ಗೇರ್ ಬದಲಾಯಿಸೋವಾಗ ನಿಮ್ಮ ಕೈಗೆ ಒಂದೆರಡು ಕಡೆ ತಡೆ ಸಿಗತ್ತೆ ಗಮನಿಸಿ. ಒಂದು, ಗೇರ್ ತಾನಾಗೇ ಜಾರದ ಹಾಗೆ ಹಿಡ್ಕೊಂಡಿರೋ ಸ್ಪ್ರಿಂಗ್-ಗುಂಡಿನ ಖಾನೆ, ಅದನ್ನ ದಾಟಬೇಕು. ಇನ್ನೊಂದು ಸಿಂಕ್ರೋ, ಎರಡು ಬೇರೆ ಬೇರೆ ಸ್ಪೀಡಲ್ಲಿ ತಿರುಗ್ತಿರೋ ಭಾಗಗಳನ್ನ ಒಂದೇ ಸ್ಪೀಡ್‌ಗೆ ತರೋವರೆಗೆ ಅದು ಒಂದು ಕ್ಷಣ ದಾರಿ ಬಿಡಲ್ಲ. ಹಗುರ ನಾಬ್ ಇದ್ರೆ ಈ ಎರಡು ಕಡೆನೂ ಕೈಗೆ ಟಕ್ ಟಕ್ ಅಂತ ಗೊತ್ತಾಗತ್ತೆ. ಭಾರ ಇದ್ರೆ, ಒಂದು ಸಲ ಚಲಿಸೋಕೆ ಶುರುವಾದ ತೂಕ ಅದರ ಓಘದಲ್ಲೇ ಆ ತಡೆ ದಾಟ್ಕೊಂಡು ಹೋಗತ್ತೆ, ಕೈ ಅಷ್ಟು ತಳ್ಳಬೇಕಾಗಲ್ಲ. ಇದು ಬರೀ ಮನಸ್ಸಿನ ಭ್ರಮೆ ಅನ್ನೋರೂ ಇದಾರೆ, ಅಲ್ಲ. ಹೋಂಡಾ 2020ರ ಸಿವಿಕ್ ಟೈಪ್ ಆರ್‌ನಲ್ಲಿ ಹಳೇ ದುಂಡು ನಾಬ್ ತೆಗೆದು ಹನಿ ಆಕಾರದ್ದು ಕೊಟ್ಟಾಗ ಅದರೊಳಗೆ 90 ಗ್ರಾಂ ತೂಕನ ಬೇಕಂತಲೇ ಕೂರಿಸ್ತು. ಕೇಬಲ್ ಮೇಲೆ ನಡೆಯೋ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಕಂಪನಿಯವ್ರೇ ಆ ತುದಿಲಿ, ಅಂದ್ರೆ ಬಾನೆಟ್ ಎತ್ತಿದ್ರೆ ಕಾಣೋ ಲಿವರ್ ಮೇಲೆ, ಒಂದು ಕಬ್ಬಿಣದ ಗಟ್ಟಿ ಜೋಡಿಸಿರ್ತಾರೆ, ಅದರ ಕೆಲಸನೂ ಇದೇ.

ಈಗ ಎಷ್ಟು ಭಾರ ಅನ್ನೋದು. 50 ಮಿ.ಮೀ. ಅಗಲದ ಗಟ್ಟಿ ಗುಂಡು ಅಲ್ಯೂಮಿನಿಯಂದಾದ್ರೆ ಸುಮಾರು 175 ಗ್ರಾಂ, ಅದೇ ಸೈಜಿನ ಸ್ಟೀಲ್ ಗುಂಡು 500 ಗ್ರಾಂ ದಾಟತ್ತೆ, ಹಿತ್ತಾಳೆ ಇನ್ನೂ ಜಾಸ್ತಿ, ಥ್ರೆಡ್‌ಗೆ ಕೊರೆದ ತೂತಿಗೆ ಸ್ವಲ್ಪ ಕಳೀರಿ. ಅರ್ಧ ಕೆಜಿ ರಾಡ್ ತುದಿಲಿ ಕೂತ್ರೆ ಓಡಾಟದ ಕಾರಿಗೆ ಅತಿ ಆಯ್ತು ಅಂತ ನನ್ನ ಲೆಕ್ಕ. ಬುಷ್ (ರಾಡ್ ಅಲ್ಲಾಡದ ಹಾಗೆ ಹಿಡಿಯೋ ರಬ್ಬರ್ ಅಥವಾ ಪ್ಲಾಸ್ಟಿಕ್ ಬಳೆ) ಸವೆದಿರೋ ಹಳೇ ಗಾಡಿಲಿ ಹಳ್ಳ ಹಾರಿದಾಗೆಲ್ಲ ರಾಡ್ ತೂಗಾಡತ್ತೆ, ಆ ಖಾನೆ ಹಿಡಿತ ಕೂಡ ಸವೆದಿದ್ರೆ ಗೇರ್ ಜಾರಿ ನ್ಯೂಟ್ರಲ್‌ಗೆ ಬರೋ ಸಾಧ್ಯತೆ ಇದೆ. 200ರಿಂದ 350 ಗ್ರಾಂ ಒಳಗೆ ಇದ್ರೆ ಹೆಚ್ಚಿನವರಿಗೆ ಖುಷಿಯಾಗತ್ತೆ, ಗಾಡಿಗೂ ತೊಂದ್ರೆ ಕಾಣಲ್ಲ.

ಗೇರ್‌ಬಾಕ್ಸ್ ಹಾಳಾಗೋ ವಿಷಯಕ್ಕೆ ಬಂದ್ರೆ, ನಾಬ್‌ಗಿಂತ ಕೈದೇ ತಪ್ಪು ಜಾಸ್ತಿ. ಭಾರದ ನಾಬ್ ಇದ್ದಾಗ ಸಿಂಕ್ರೋ 'ಇರಪ್ಪಾ' ಅಂದಿದ್ದು ಕೈಗೆ ಸರಿಯಾಗಿ ಕೇಳ್ಸಲ್ಲ, ಅವಸರದಲ್ಲಿ ನೂಕಿಬಿಡ್ತೀವಿ, ಹಾಗೆ ನೂಕಿ ನೂಕಿ ಸಿಂಕ್ರೋ ರಿಂಗ್ ಸವೆಯತ್ತೆ. ಜೊತೆಗೆ ಸುಮ್ನೆ ಹೋಗ್ತಿರೋವಾಗ ನಾಬ್ ಮೇಲೆ ಕೈ ಊರಿಕೊಂಡು ಕೂರೋ ಅಭ್ಯಾಸ ಇದ್ರೆ ಬಿಡಿ, ಆ ಒತ್ತಡ ಗೇರ್‌ಬಾಕ್ಸ್ ಒಳಗೆ ಗೇರ್ ಸರಿಸೋ ಫೋರ್ಕ್‌ನ, ಅದು ಹಿಡ್ಕೊಂಡಿರೋ ತಿರುಗ್ತಿರೋ ಬಳೆಗೆ (ಸ್ಲೀವ್) ಒತ್ತಿ ಹಿಡಿಯತ್ತೆ.

ತಗೊಳ್ಳೋಕೆ ಮುಂಚೆ ಪರೀಕ್ಷೆ ಮಾಡ್ಬೇಕಾ? ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸೋ ತೂಕದ ಪಟ್ಟಿ ಸಿಗತ್ತಲ್ಲ, 5 ಗ್ರಾಂ 10 ಗ್ರಾಂ ತುಂಡುಗಳದ್ದು, ಅದನ್ನ ಈಗಿರೋ ನಾಬ್ ಸುತ್ತ ಟೇಪ್ ಹಾಕಿ ಕಟ್ಟಿ ಒಂದು ವಾರ ಓಡಿಸಿ. ನೋಡೋಕೆ ಗಾಯಕ್ಕೆ ಬ್ಯಾಂಡೇಜ್ ಸುತ್ತಿದ ಹಾಗಿರತ್ತೆ ನಿಜ, ಆದ್ರೆ 100 ಗ್ರಾಂ ಸೇರಿಸಿದ್ರೆ ನಿಮ್ಮ ಗಾಡಿಲಿ ಏನಾಗತ್ತೆ ಅಂತ ನಿಮ್ಮ ಕೈಗೇ ಗೊತ್ತಾಗತ್ತೆ, ಫ್ರೆಂಡ್ಸ್ ಮಾತು ಬೇಕಾಗಲ್ಲ. ಮತ್ತೆ ಈಗಲೇ ಗೇರ್ ಹಾಕೋವಾಗ ಕರ್‌ರ್ ಅಂತ ಸದ್ದು ಬರ್ತಿದ್ರೆ ನಾಬ್ ಯೋಚನೆ ಬಿಟ್ಟು ಕ್ಲಚ್, ಗೇರ್ ಆಯಿಲ್, ಕೇಬಲ್, ಬುಷ್ ತೋರಿಸ್ಕೊಳ್ಳಿ. ಭಾರದ ನಾಬ್ ಹಾಕಿದ್ರೆ ರೋಗ ಮುಚ್ಚಿಹೋಗತ್ತೆ ಅಷ್ಟೆ.

ಪ್ರಶ್ನೆ: ನನ್ನ ಕೈ ಚಿಕ್ಕದು ಸರ್, ಈಗಿರೋ ನಾಬ್ ದಪ್ಪ ಅನ್ಸತ್ತೆ. ಗಿಡ್ಡ ನಾಬ್ ಹಾಕಿದ್ರೆ ಗೇರ್ ಬೇಗ ಬೀಳತ್ತಂತೆ, ಹೌದಾ? ಯಾವ ಆಕಾರ ತಗೊಳ್ಳಲಿ?
— ಪುಟ್ಟ ಕೈಯವಳು

ಉತ್ತರ: ಹೌದು ಮೇಡಂ, ಆದ್ರೆ ಪುಕ್ಕಟೆ ಅಲ್ಲ. ರಾಡ್ ತಿರುಗೋ ಜಾಗದಿಂದ ನಾಬ್ ತುದಿಗೆ 30 ಸೆಂ.ಮೀ. ಇದೆ ಅಂದ್ಕೊಳ್ಳಿ, ನಾಬ್ 3 ಸೆಂ.ಮೀ. ಗಿಡ್ಡ ಆದ್ರೆ ಕೈ ಓಡಾಡೋ ದೂರ ನೂರಕ್ಕೆ ಹತ್ತು ಭಾಗ ಕಮ್ಮಿ ಆಗತ್ತೆ, ತಳ್ಳೋ ಬಲ ನೂರಕ್ಕೆ ಹನ್ನೊಂದರಷ್ಟು ಜಾಸ್ತಿ ಬೇಕು. ಉದ್ದದ್ದಕ್ಕೆ ಇದರ ಉಲ್ಟಾ, ಹಗುರಾಗಿ ಬೀಳತ್ತೆ, ಸ್ಟೀರಿಂಗಿಗೂ ಹತ್ತಿರ, ಆದ್ರೆ ಕೈ ಉದ್ದಕ್ಕೆ ಓಡಾಡ್ಬೇಕು.

ಆಕಾರಕ್ಕೆ ನಿಮ್ಮ ಕೈ ಹೇಗೆ ಹಿಡಿಯತ್ತೆ ಅನ್ನೋದೇ ಮುಖ್ಯ. ಒಂದಿನ ಗಮನಿಸಿ ನೋಡಿ: ಮೂರನೇ ಗೇರಿಗೆ ಅಂಗೈಯಿಂದ ಮುಂದಕ್ಕೆ ತಳ್ಳಿ, ನಾಲ್ಕಕ್ಕೆ ಬೆರಳು ಮಡಿಸಿ ಹಿಂದಕ್ಕೆ ಎಳೀತೀರಾ? ಹಾಗಾದ್ರೆ ದುಂಡು ನಾಬ್ ನಿಮಗೆ ಸರಿ, ಅದು ಯಾವ ಕಡೆಯಿಂದ ಹಿಡಿದ್ರೂ ಒಂದೇ. ಮೇಲಿಂದ ಅಂಗೈ ಇಡದೆ ಪಕ್ಕದಿಂದ ಮುಷ್ಟಿ ಹಿಡಿಯೋರಿಗೆ ಹನಿ ಆಕಾರ ಅಥವಾ ಉದ್ದನೆ ಕಡ್ಡಿ ಥರದ್ದು ಚೆನ್ನಾಗಿ ಕೂರತ್ತೆ. ಚಿಕ್ಕ ಕೈಗೆ 50 ಮಿ.ಮೀ. ಗುಂಡು ಸ್ವಲ್ಪ ದಪ್ಪ ಅನ್ನಿಸಬಹುದು, 45ರ ಆಸುಪಾಸಲ್ಲಿ ನೋಡಿ. ಫೋಟೋ ನೋಡಿ ಸೈಜ್ ಊಹೆ ಮಾಡ್ಬೇಡಿ, ಫೋಟೋದಲ್ಲಿ ಎಲ್ಲಾ ನಾಬೂ ಒಂದೇ ಸೈಜು.

ಪ್ರಶ್ನೆ: ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಮೆಟಲ್ ನಾಬ್ ಮುಟ್ಟೋಕಾಗಲ್ಲ ಅಂತಾರೆ. ಮೆಟಲ್ ಲುಕ್ಕೂ ಬೇಕು, ಕೈನೂ ಸುಡಬಾರ್ದು.
— ಎರಡೂ ಬೇಕಾದವ

ಉತ್ತರ: ಎರಡೂ ಪೂರ್ತಿ ಸಿಗಲ್ಲ. ಬಿಸಿಲಲ್ಲಿ ಒಳಗಿರೋ ಎಲ್ಲಾ ವಸ್ತುನೂ ಹೆಚ್ಚುಕಮ್ಮಿ ಒಂದೇ ಥರ ಕಾಯತ್ತೆ, ಆದ್ರೆ ಅಲ್ಯೂಮಿನಿಯಂ ತನ್ನ ಬಿಸಿನ ಚರ್ಮಕ್ಕೆ ಬಹಳ ಬೇಗ ದಾಟಿಸತ್ತೆ, ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ಅದಕ್ಕಿಂತ ತುಂಬಾ ನಿಧಾನ, ಮರ ಮತ್ತು ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಇನ್ನೂ ನಿಧಾನ. ಚಳಿಲೂ ಇದೇ ಕಥೆ, ಉಲ್ಟಾ. ನಾನಾದ್ರೆ ಡೆಲ್ರಿನ್ ತಗೊಳ್ತೀನಿ, ಬರೀ ಡೆಲ್ರಿನ್ ಗುಂಡು 90 ಗ್ರಾಂ ಸುತ್ತಮುತ್ತ ಬರತ್ತೆ, ಭಾರ ಬೇಕು ಅನ್ನೋರಿಗೆ ಒಳಗೆ ಸ್ಟೀಲ್ ಇಟ್ಟು ಮೇಲೆ ಡೆಲ್ರಿನ್ ಹೊದಿಸಿರೋದೂ ಇದೆ. ಮೆಟಲ್ಲೇ ಬೇಕು ಅನ್ನೋದಾದ್ರೆ ಇಳಿಯೋವಾಗ ಮೇಲೊಂದು ಬಟ್ಟೆ ಟೋಪಿ ಹಾಕಿ.

ಮರ ಅಂದ್ರೆ ಅಜ್ಜನ ಕಾಲದ್ದು ಅಂತ ಮೂಗು ಮುರೀಬೇಡಿ, ಪೋರ್ಷೆ 917 ರೇಸ್ ಕಾರಲ್ಲಿ ತೂಕ ಉಳಿಸೋಕೆ ಅಂತಲೇ ಬಾಲ್ಸಾ ಮರದ ನಾಬ್ ಹಾಕಿದ್ರು, ಅದರ ನೆನಪಿಗೆ ಪೋರ್ಷೆಯವ್ರು ಆಮೇಲೆ ಬಂದ ಕರೇರಾ ಜಿಟಿ ಕಾರಿಗೂ ಮರದ್ದೇ ಕೊಟ್ರು. ಅಲ್ಲಿ ಗ್ರಾಂ ಗ್ರಾಂ ಕಳೀತಿದ್ರು, ಇಲ್ಲಿ ನಾವು ಸೇರಿಸ್ತಾ ಕೂತಿದೀವಿ!

ಪಾರದರ್ಶಕ ಗಾಜಿನ ಗುಂಡು ಮಾತ್ರ ಬೇಡವೇ ಬೇಡ. ಅದು ಲೆನ್ಸು, ಬಿಸಿಲು ಒಂದು ಚುಕ್ಕೆಗೆ ಕೂಡಿಬಿದ್ರೆ ಸೀಟ್ ಸುಡತ್ತೆ.

ಪ್ರಶ್ನೆ: ನನ್ನ ಕಾರಲ್ಲಿ ರಿವರ್ಸ್ ಹಾಕೋಕೆ ನಾಬ್ ಕೆಳಗಿರೋ ರಿಂಗ್ ಮೇಲಕ್ಕೆತ್ತಬೇಕು. ಬೇರೆ ನಾಬ್ ಹಾಕಬಹುದಾ?
— ಹಿಂದೆ ಹೋಗಬೇಕಾದವ

ಉತ್ತರ: ಮೊದ್ಲು ಆ ರಿಂಗ್ ಯಾವುದಕ್ಕೆ ಅಂಟ್ಕೊಂಡಿದೆ ನೋಡಿ. ರಾಡ್ ಮೇಲೆ ಬೇರೆಯಾಗಿ ಜಾರ್ತಿದ್ರೆ ಹೊಸ ನಾಬ್ ಹಾಕ್ಬಹುದು, ಆದ್ರೆ ನಾಬ್‌ನ ಬುಡ ತುಂಬಾ ಕೆಳಗೆ ಇಳೀಬಾರ್ದು, ರಿಂಗ್ ಪೂರ್ತಿ ಮೇಲೆ ಬರೋಷ್ಟು ಜಾಗ ಉಳೀಬೇಕು. ಕೆಲವರು ಅದಕ್ಕೆ ಅಂತ ಎತ್ತರಿಸೋ ಅಡಾಪ್ಟರ್ ಮಾರ್ತಾರೆ. ರಿಂಗು ಕಂಪನಿ ನಾಬ್‌ಗೇ ಸೇರಿದ್ರೆ ಅದರ ಜೊತೆ ರಿವರ್ಸೂ ಹೋಯ್ತು, ಆ ಮಾಡೆಲ್‌ಗೇ ಮಾಡಿರೋದು ಬಿಟ್ಟು ಬೇರೆ ಮುಟ್ಬೇಡಿ. ರಾಡನ್ನೇ ಕೆಳಗೆ ಒತ್ತಿ ರಿವರ್ಸ್ ಹಾಕೋ ಗಾಡಿಗೆ ಈ ತಲೆನೋವಿಲ್ಲ.

ಪ್ರಶ್ನೆ: ಹೊಸ ನಾಬ್ ಟೈಟ್ ಮಾಡಿದ್ರೆ ಮೇಲಿರೋ 1-2-3-4 ಗುರುತು ಸೊಟ್ಟಕ್ಕೆ ನಿಲ್ಲತ್ತೆ, ನೇರ ಮಾಡಿದ್ರೆ ಸಡಿಲ ಆಗತ್ತೆ. ಫೆವಿಕ್ವಿಕ್ ಹಾಕ್ಲಾ?
— ಸೊಟ್ಟ ನಾಬಿನವ

ಉತ್ತರ: ದೇವ್ರಾಣೆ ಬೇಡ, ಆಮೇಲೆ ಗರಗಸ ತರಬೇಕಾಗತ್ತೆ. ನಾಬ್ ಕೆಳಗೆ ಅದೇ ಥ್ರೆಡ್‌ದು ಒಂದು ತೆಳು ಲಾಕ್ ನಟ್ ಹಾಕಿ, ನಾಬ್‌ನ ಗುರುತು ನೇರ ಬರೋಕೆ ನಿಲ್ಲಿಸಿ, ಕೆಳಗಿಂದ ನಟ್‌ನ ನಾಬ್‌ಗೆ ಒತ್ತಿ ಬಿಗಿ ಮಾಡಿ. ನಟ್‌ಗೆ ಜಾಗ ಇಲ್ಲದಿದ್ರೆ ರಾಡ್‌ಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ಪ್ಲಂಬರ್ ಹಾಕೋದೇ. ಮೆಟಲ್ ಥ್ರೆಡ್‌ಗೆ ನೀಲಿ ಥ್ರೆಡ್‌ಲಾಕರ್ (ಥ್ರೆಡ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ ಆಗತ್ತೆ, ಕೆಂಪು ಬೇಡ, ಬಿಚ್ಚೋಕೆ ಬಿಸಿ ಕೊಡ್ಬೇಕಾಗತ್ತೆ. ಪ್ಲಾಸ್ಟಿಕ್ ನಾಬ್‌ಗೆ ನೀಲಿನೂ ಬೇಡ, ಕೆಂಪೂ ಬೇಡ, ಕೆಲವು ಪ್ಲಾಸ್ಟಿಕ್ ಆ ಅಂಟಿಂದ ಬಿರುಕು ಬಿಡತ್ತೆ.

ಗುರುತು ನೇರ ಇರೋದು ಬರೀ ಅಂದಕ್ಕಲ್ಲ. ಜಪಾನ್‌ನಲ್ಲಿ ಗೇರ್ ಗುರುತು ಕಾಣ್ದೇ ಇದ್ರೆ ಗಾಡಿ ತಪಾಸಣೆಲೇ ಪಾಸಾಗಲ್ಲ, ನಿಮ್ಮ ಗಾಡಿನ ಬೇರೆಯವರು ಓಡಿಸ್ಬೇಕಾದಾಗ ರಿವರ್ಸ್ ಎಲ್ಲಿ ಅಂತ ಗೊತ್ತಾಗ್ಬೇಕು ಕೂಡ. ಖಾಲಿ ಗುಂಡು ತಗೊಂಡವರು ಡ್ಯಾಶ್‌ಬೋರ್ಡ್ ಮೇಲೆ ಒಂದು ಸ್ಟಿಕರ್ ಅಂಟಿಸ್ಕೊಳ್ಳಿ.

ಒತ್ತಿ ಕೂರಿಸಿರೋ ಹಳೇ ನಾಬ್ ಕೀಳೋರಿಗೆ ಒಂದು ಮಾತು, ಮುಖ ಅದರ ಮೇಲೆ ಬಗ್ಗಿಸ್ಕೊಂಡು ಎಳೀಬೇಡಿ. ಅದು ಬಿಡೋವಾಗ ಒಂದೇ ಸಲ ಬಿಡತ್ತೆ, ಸೀದಾ ಗಲ್ಲಕ್ಕೆ. ಹೇರ್ ಡ್ರೈಯರಲ್ಲಿ ಸ್ವಲ್ಪ ಬಿಸಿ ಮಾಡಿ, ಆ ಕಡೆ ಈ ಕಡೆ ಅಲ್ಲಾಡಿಸಿ ತೆಗೀರಿ.

ಪ್ರಶ್ನೆ: ನಂದು ಆಟೋಮ್ಯಾಟಿಕ್. ನನಗೂ ಒಂದು ಬಾಲ್ ನಾಬ್?
— ಆಸೆಬುರುಕ

ಉತ್ತರ: ನಿಮ್ಮ ನಾಬ್‌ನಲ್ಲಿ ಬಟನ್ ಇದ್ಯಾ? ಇದ್ರೆ ಬಟನ್ ಇಲ್ಲದ ಗುಂಡು ಹಾಕಿದ ದಿನದಿಂದ ಲಿವರ್ ಪಾರ್ಕಿಂದ ಕದಲಲ್ಲ.