ಅಮೆರಿಕದ ಸರ್ಕಾರಿ ಶಿಪ್‌ಯಾರ್ಡ್‌ಗಳಲ್ಲಿ ವರ್ಗವಾದ ಕೆಲಸಗಾರರ ಕೂಲಿ ಯಾಕೆ ಬದಲಾಗುತ್ತದೆ? ಇದು ನ್ಯಾಯವೇ?

ಇವರ ಗಂಟೆ ಕೂಲಿ ನಿರ್ಧಾರವಾಗುವುದು ಕೆಲಸ ಮಾಡುವ ಊರಿನ ಲೆಕ್ಕದಲ್ಲಿ. ಹಾಗಾಗಿ ಪೂರ್ವ ಕರಾವಳಿಯ ನಾರ್ಫೋಕ್ ಯಾರ್ಡ್‌ನಿಂದ ಪಶ್ಚಿಮ ಕರಾವಳಿಯ ಪ್ಯೂಜೆಟ್ ಸೌಂಡ್ ಯಾರ್ಡ್‌ಗೆ ಹೋದ ವೆಲ್ಡರ್‌ಗೆ ಗ್ರೇಡ್ ಅದೇ ಇದ್ದರೂ ದರ ಬೇರೆ. ಆಯಾ ಪ್ರದೇಶದ ಖಾಸಗಿ ಕಂಪನಿಗಳು ಅಂಥದ್ದೇ ಕೆಲಸಕ್ಕೆ ಎಷ್ಟು ಕೊಡುತ್ತವೆ ಎಂದು ಸಮೀಕ್ಷೆ ಮಾಡಿ, ಅದಕ್ಕೆ ಹೊಂದುವಂತೆ ದರಪಟ್ಟಿ ತಯಾರಿಸುತ್ತಾರೆ. 1972ರ ಕಾನೂನು ಹೇಳುವುದೂ ಇದನ್ನೇ. ತಾತ್ಕಾಲಿಕವಾಗಿ ಕಳುಹಿಸಿದರೆ ಮಾತ್ರ ಮೂಲ ಊರಿನ ದರ ಮುಂದುವರಿಯುತ್ತದೆ. ಊಟ, ವಸತಿಗೆ ಭತ್ಯೆ ಬೇರೆ.

ಒಂದೇ ಯಾರ್ಡ್‌ನಲ್ಲಿ ಅಕ್ಕಪಕ್ಕ ನಿಂತು ದುಡಿಯುವವರಿಗೆ ಒಂದೇ ಪಟ್ಟಿ ಇರಬೇಕು ಅನ್ನೋದು ಸರಿಯೇ. ಆದರೆ ಯಾರ್ಡ್ ಮುಚ್ಚಿ, ಬೇರೆ ದಾರಿಯಿಲ್ಲದೆ ಹೊರಟವರ ಕೂಲಿ ಇಳಿದರೆ ಅದು ಅನ್ಯಾಯ ಅಂತಲೇ ನನಗನ್ನಿಸುತ್ತದೆ. ಸಾಮಾನು ಸಾಗಿಸುವ ಖರ್ಚನ್ನು ಸರ್ಕಾರ ಕೊಡುತ್ತದೆ ನಿಜ. ಅದು ಒಂದೇ ಸಲದ ಹಣ, ಕಡಿಮೆಯಾದ ಕೂಲಿ ಪ್ರತಿ ಸಂಬಳದಲ್ಲೂ ಕಾಣುತ್ತದೆ ಅಲ್ವಾ?