ಅಂಗಡಿಯ ಹೆಸರು ನಮ್ಮದು, ಡಾಟ್ ಕಾಮ್ ಅವರದು

ತುಮಕೂರಿನ ಓದುಗರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ ಇಷ್ಟು. 1996ರಲ್ಲಿ ಅವರ ಅತ್ತೆ ಮನೆಯ ಜಗುಲಿಯಲ್ಲೇ ಚಟ್ನಿಪುಡಿ, ಸಾಂಬಾರ್ ಪುಡಿ, ಕೋಡುಬಳೆ, ನಿಪ್ಪಟ್ಟು ಮಾರಲು ಶುರುಮಾಡಿದರು. ಅಂಗಡಿಗೆ ಅತ್ತೆಯದೇ ಹೆಸರು, ಅದಕ್ಕೆ ಊರಿನ ಹೆಸರು ಸೇರಿಸಿದ್ದು. ಈಗ ಸೊಸೆ ನಡೆಸುತ್ತಿದ್ದಾರೆ, ಹನ್ನೊಂದು ಜನ ಕೆಲಸಕ್ಕಿದ್ದಾರೆ. ಆನ್‌ಲೈನ್ ಮಾರಾಟಕ್ಕೆಂದು ಕಳೆದ ವರ್ಷ ಡೊಮೇನ್ (ಜಾಲತಾಣದ ವಿಳಾಸ) ಹುಡುಕಿದರೆ ಅದೇ ಹೆಸರಿನ ಡಾಟ್ ಕಾಮ್ 2021ರಿಂದ ಬೆಂಗಳೂರಿನ ಒಂದು ಸಂಸ್ಥೆಯ ಕೈಯಲ್ಲಿದೆ. ಅವರು ಮಾರುವುದೂ ಚಟ್ನಿಪುಡಿಯನ್ನೇ. ಅಲ್ಲಿಂದ ತರಿಸಿಕೊಂಡವರು ‘ಕೊಬ್ಬರಿ ಕಮಟು ಹೊಡೆಯುತ್ತಿದೆ’ ಎಂದು ಇವರಿಗೆ ಫೋನ್ ಮಾಡಿ ಬೈಯುತ್ತಾರೆ. ವಿಚಾರಿಸಿದ್ದಕ್ಕೆ ‘ಮೂರು ಲಕ್ಷ ಕೊಡಿ, ಹೆಸರು ಬಿಟ್ಟುಕೊಡುತ್ತೇವೆ’ ಎಂದು ವಾಟ್ಸಾಪ್‌ನಲ್ಲಿ ಉತ್ತರ ಬಂದಿದೆ. ಟ್ರೇಡ್‌ಮಾರ್ಕ್ ನೋಂದಣಿ ಆಗಿಲ್ಲ, ಹೋದ ತಿಂಗಳಷ್ಟೇ ಅರ್ಜಿ ಹಾಕಿದ್ದಾರೆ. ‘ಮೊದಲು ಬಂದವರಿಗೆ ಮೊದಲು ಅಂತಾರೆ ಎಲ್ಲರೂ. ಹಾಗಾದರೆ ನಮ್ಮ ಹೆಸರು ಹೋದಂತೆಯೇ?’ ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ಹೋಗಿಲ್ಲ. ‘ಮೊದಲು ಬಂದವರಿಗೆ ಮೊದಲು’ ಎನ್ನುವುದು ಡೊಮೇನ್ ಮಾರುವ ಕಂಪನಿಯ ಕೌಂಟರಿನ ನಿಯಮ, ಅಷ್ಟೆ. ಆ ಕಂಪನಿ ದುಡ್ಡು ಪಡೆದು ಒಂದು ವಿಳಾಸವನ್ನು ವರ್ಷದ ಲೆಕ್ಕದಲ್ಲಿ ಬರೆದುಕೊಡುತ್ತದೆ. ಆ ಹೆಸರಿನಲ್ಲಿ ಯಾರು ವ್ಯಾಪಾರ ಕಟ್ಟಿದ್ದಾರೆ ಎಂದು ಅದು ಕೇಳುವುದೂ ಇಲ್ಲ, ನೋಡುವುದೂ ಇಲ್ಲ. ಹೆಸರಿನ ಮೇಲಿನ ಹಕ್ಕು ಹುಟ್ಟುವುದು ಆ ಹೆಸರಿಟ್ಟುಕೊಂಡು ಮಾಡಿದ ವ್ಯಾಪಾರದಿಂದ. ನೀವು ಪತ್ರದ ಜೊತೆ ಕಳಿಸಿದ ಜೆರಾಕ್ಸ್ ಪ್ರತಿಗಳಲ್ಲಿ ಒಂದನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. 1997ರ ಬಿಲ್ ಪುಸ್ತಕದ ಒಂದು ಹಾಳೆ. ಮೂಲೆಯಲ್ಲಿ ಎಣ್ಣೆಯ ಕಲೆ, ಮೇಲೆ ರಬ್ಬರ್ ಸ್ಟಾಂಪಿನಲ್ಲಿ ಅಂಗಡಿಯ ಹೆಸರು, ಕೆಳಗೆ ಕಾರ್ಬನ್ ಅಕ್ಷರದಲ್ಲಿ ‘ಚ. ಪುಡಿ ಕಾಲು ಕೆ.ಜಿ. 2’ ಎಂದು ಬರೆದು ತಾರೀಖು. ನಿಮ್ಮ ಹಕ್ಕಿನ ಬುಡ ಇರುವುದು ಈ ಹಾಳೆಯಲ್ಲಿ. ಇಂಥ ಹಾಳೆಗಳು ಇನ್ನೆಷ್ಟಿವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ನೋಂದಣಿ ಇಲ್ಲದ ಹೆಸರಿಗೂ ನಮ್ಮ ಕಾನೂನಿನಲ್ಲಿ ರಕ್ಷಣೆ ಇದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 27ನೇ ಕಲಮು ಅದನ್ನು ಉಳಿಸಿಕೊಂಡಿದೆ. ಒಬ್ಬರ ಸರಕನ್ನು ಇನ್ನೊಬ್ಬರ ಸರಕೆಂದು ಗಿರಾಕಿಗೆ ದಾಟಿಸುವುದಕ್ಕೆ ವಕೀಲರು ‘ಪಾಸಿಂಗ್ ಆಫ್’ ಎನ್ನುತ್ತಾರೆ. ಡೊಮೇನ್ ಹೆಸರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ ಮೊಕದ್ದಮೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಸತ್ಯಂ ಇನ್ಫೋವೇ ಕಂಪನಿ ‘ಸಿಫಿ’ ಎಂಬ ಹೆಸರಿನಲ್ಲಿ ವ್ಯವಹಾರ ಮಾಡುತ್ತಿತ್ತು. ಆಮೇಲೆ ಬಂದ ಇನ್ನೊಂದು ಸಂಸ್ಥೆ ‘ಸಿಫಿನೆಟ್’ ಎಂದೇ ಓದಿಸಿಕೊಳ್ಳುವ, ಒಂದು ‘ಎಫ್’ ಮಾತ್ರ ಹೆಚ್ಚಿದ್ದ ವಿಳಾಸಗಳನ್ನು ತೆಗೆದುಕೊಂಡಿತು. ಕೇಳಿದರೆ, ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದಾಗ ಬಂದ ಹೆಸರು ಅದು ಎಂದಿತು. ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆಗೆದುಹಾಕಿತು, ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಅಂತರ್ಜಾಲದಲ್ಲಿ ವಿಳಾಸವೇ ಅಂಗಡಿಯ ಬೋರ್ಡು ಎಂಬ ಮಾತು ಅಂದಿನಿಂದ ಗಟ್ಟಿಯಾಗಿದೆ.

ನಿಮ್ಮ ಕಡೆಯ ದುರ್ಬಲ ಜಾಗವನ್ನೂ ಹೇಳಬೇಕು. ‘ಸಿಫಿ’ ಹುಟ್ಟಿಸಿಕೊಂಡ ಪದ, ಬೇರೆಲ್ಲೂ ಇಲ್ಲದ್ದು. ನಿಮ್ಮ ಅತ್ತೆಯವರ ಹೆಸರೋ, ನಮ್ಮ ಸೀಮೆಯಲ್ಲಿ ಬೀದಿಗೊಬ್ಬರಿಗೆ ಇರುವಂಥದ್ದು. ‘ತುಮಕೂರು’ ಎಂಬುದು ಯಾರ ಸ್ವತ್ತೂ ಅಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಂದು ಬೋರ್ಡು ಹಾಕಲು ಹೇಗೆ ಯಾರ ಅಪ್ಪಣೆಯೂ ಬೇಡವೋ ಹಾಗೆ. ಊರನ್ನಷ್ಟೇ ಸೂಚಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿಯೂ ಸಿಗುವುದಿಲ್ಲ. ಆದರೆ ಆ ಹೆಸರು, ಈ ಊರು ಎರಡೂ ಸೇರಿದಾಗ ಜನರಿಗೆ ನಿಮ್ಮ ಅಂಗಡಿಯೇ ಕಣ್ಣಿಗೆ ಬರುತ್ತದೆ ಎಂದು ತೋರಿಸಿದರೆ ಆ ಜೋಡಿ ನಿಮ್ಮದಾಗುತ್ತದೆ. ತೋರಿಸುವ ಹೊರೆ ನಿಮ್ಮ ಮೇಲೆಯೇ. ಎದುರಿನವರ ಮನೆಯಲ್ಲೂ ಅದೇ ಹೆಸರಿನ ತಾಯಿ ಇದ್ದು, ಅವರೂ ನಿಮ್ಮ ಅರಿವಿಲ್ಲದೆ ಪ್ರಾಮಾಣಿಕವಾಗಿ ಶುರುಮಾಡಿದ್ದಾರೆ ಎಂದಾದರೆ ನೀವು ಸೋಲಬಹುದು. ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೂ ಕಾಯ್ದೆ ಜಾಗ ಕೊಟ್ಟಿದೆ.

ಆದರೂ ನಿಮ್ಮ ವಿಷಯದಲ್ಲಿ ನನಗೆ ಧೈರ್ಯ ಇರುವುದು ಪತ್ರದಲ್ಲಿ ನೀವು ಗಮನಿಸದೆ ದಾಟಿಬಿಟ್ಟ ಒಂದು ಸಂಗತಿಯಿಂದ. ನೀವು ಮುದ್ರಿಸಿ ಕಳಿಸಿದ ಅವರ ವೆಬ್‌ಸೈಟಿನ ಮೊದಲ ಪುಟದಲ್ಲಿ, ಚಟ್ನಿಪುಡಿಯ ಬಟ್ಟಲಿನ ಚಿತ್ರದ ಕೆಳಗೆ, ಸಣ್ಣಕ್ಷರದಲ್ಲಿ ‘1996ರಿಂದ ತುಮಕೂರಿನ ರುಚಿ’ ಎಂದಿದೆ. ಡೊಮೇನ್ ಕೊಂಡದ್ದು 2021ರಲ್ಲಿ. ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ ಎಂದು ನೀವೇ ಬರೆದಿದ್ದೀರಿ. ಹಾಗಾದರೆ 1996 ಎಲ್ಲಿಂದ ಬಂತು? ನಿಮ್ಮ ಲೇಬಲ್ಲಿನಿಂದಲ್ಲದೆ ಬೇರೆಲ್ಲಿಂದ ಬರಬೇಕು? ನಿಮ್ಮನ್ನು ತಿಳಿದೇ ಆ ಹೆಸರು ತೆಗೆದುಕೊಂಡರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ನಿಮ್ಮ ನೋಟಿಸ್ ಅವರ ಕೈಸೇರಿದ ದಿನ ಆ ಸಾಲು ಮಾಯವಾಗುತ್ತದೆ. ಆದ್ದರಿಂದ ನೋಟಿಸಿಗೆ ಮುಂಚೆಯೇ ವಿಳಾಸ, ದಿನಾಂಕ, ಸಮಯ ಕಾಣುವಂತೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೆಯ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಆ ಪುಟವನ್ನು ಉಳಿಸಿ. ಕೋರ್ಟಿಗೆ ಹೋದರೆ ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ.

ಮೂರು ಲಕ್ಷದ ವಾಟ್ಸಾಪ್ ಸಂದೇಶವನ್ನೂ ಅಳಿಸಬೇಡಿ. ಖರ್ಚಾದದ್ದಕ್ಕಿಂತ ಹೆಚ್ಚು ಹಣಕ್ಕೆ ಹೆಸರಿನ ಒಡೆಯರಿಗೇ ಮಾರಲೆಂದು ಡೊಮೇನ್ ಕೊಂಡಿಟ್ಟರೆ ಅದು ದುರುದ್ದೇಶದ ಗುರುತು ಎಂದು ಅಂತರರಾಷ್ಟ್ರೀಯ ನಿಯಮದಲ್ಲೇ ಬರೆದಿದೆ. ಆದರೆ ‘ಎಷ್ಟಕ್ಕೆ ಕೊಡ್ತೀರಿ’ ಎಂದು ಮೊದಲು ಕೇಳಿದ್ದು ನೀವೇ ಆಗಿದ್ದರೆ ಅದರ ತೂಕ ಕಡಿಮೆಯಾಗುತ್ತದೆ. ಇನ್ನು ಮೇಲೆ ಅವರೊಡನೆ ಚೌಕಾಸಿ ಬೇಡ, ಸಿಟ್ಟಿನ ಮಾತಂತೂ ಬೇಡವೇ ಬೇಡ.

ನಿಮ್ಮ ಪರಿಚಯದವರು ದೆಹಲಿಗೆ ದೂರು ಕೊಡಿ ಎಂದಿದ್ದಾರೆ ಎಂದು ಬರೆದಿದ್ದೀರಿ. ಅವರು ಹೇಳಿದ್ದು ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಪಂಚಾಯ್ತಿ ವ್ಯವಸ್ಥೆಯನ್ನು ಇರಬೇಕು. ಅದು ಡಾಟ್ ಇನ್ ವಿಳಾಸಗಳಿಗೆ ಮಾತ್ರ. ನಿಮ್ಮ ಜಗಳ ಡಾಟ್ ಕಾಮ್‌ನದು, ಅದಕ್ಕೆ ದಾರಿ ಯುಡಿಆರ್‌ಪಿ. ಡೊಮೇನ್‌ಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆ ಹೆಸರಿನ ಜಗಳ ತೀರಿಸಲೆಂದು 1999ರಲ್ಲಿ ಮಾಡಿದ ನಿಯಮ ಇದು. ಡಾಟ್ ಕಾಮ್ ಕೊಂಡವರೆಲ್ಲರೂ ಕೊಳ್ಳುವಾಗಲೇ ಇದಕ್ಕೆ ಒಪ್ಪಿರುತ್ತಾರೆ. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋಗೆ ಈಮೇಲ್‌ನಲ್ಲೇ ದೂರು ಹೋಗುತ್ತದೆ, ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಮೂರು ಮಾತು ಸಾಬೀತಾಗಬೇಕು. ಡೊಮೇನ್ ನಿಮ್ಮ ಗುರುತಿನಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ. ಅವರಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತ ಇಲ್ಲ. ಕೊಂಡದ್ದೂ ಬಳಸುತ್ತಿರುವುದೂ ದುರುದ್ದೇಶದಿಂದ. ಡಾಟ್ ಇನ್ ನಿಯಮದಲ್ಲಿ ಕೊಂಡದ್ದು ‘ಅಥವಾ’ ಬಳಸುತ್ತಿರುವುದು, ಯಾವುದಾದರೊಂದು ಸಾಕು. ಇಲ್ಲಿ ಎರಡೂ ಬೇಕು. ಆ 1996ರ ಸಾಲಿಗೆ ನಾನು ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ.

ಎದುರಿನವರಿಗೆ ಉತ್ತರ ಕೊಡಲು 20 ದಿನ. ತೀರ್ಪುಗಾರರು ನೇಮಕವಾದ ಮೇಲೆ 14 ದಿನದಲ್ಲಿ ತೀರ್ಪು. ಗೆದ್ದರೆ ಡೊಮೇನ್ ನಿಮ್ಮ ಹೆಸರಿಗೆ ಬರುತ್ತದೆ. ಅವರು ಹತ್ತು ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದರೆ ಮಾತ್ರ ಅದು ನಿಲ್ಲುತ್ತದೆ. ಪರಿಹಾರದ ಹಣ ಮಾತ್ರ ಒಂದು ಪೈಸೆಯೂ ಸಿಗುವುದಿಲ್ಲ. ಒಬ್ಬ ತೀರ್ಪುಗಾರರಿಗೆ ವೈಪೋ ಶುಲ್ಕ 1500 ಡಾಲರ್, ಎಂದರೆ ಒಂದು ಲಕ್ಷ ರೂಪಾಯಿಗಿಂತ ಮೇಲೆ. ವಕೀಲರ ಫೀಸು ಬೇರೆ. ತಿಂಗಳಿಗೆ ಹನ್ನೊಂದು ಜನರ ಸಂಬಳ ತೂಗಿಸುವ ನಿಮಗೆ ಇದು ಸಣ್ಣ ಮೊತ್ತವಲ್ಲ ಎಂದು ಬಲ್ಲೆ.

ಇನ್ನೊಂದು ದಾರಿ ಕೋರ್ಟು. ಇಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಸಲ್ಲುವುದಿಲ್ಲ. ಡೊಮೇನ್ ಅಷ್ಟೇ ಅಲ್ಲದೆ ಪ್ಯಾಕೆಟ್ಟಿನ ಮೇಲಿನ ಹೆಸರನ್ನೂ ನಿಲ್ಲಿಸಬೇಕು, ಆದ ನಷ್ಟವೂ ಬೇಕು ಎಂದರೆ ಇದೇ ದಾರಿ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಗಿರಾಕಿಗಳು ಕಮಟು ಪುಡಿ ತಿಂದು ನಿಮ್ಮನ್ನು ಬೈಯುತ್ತಿರುವಾಗ ಬರೀ ಡೊಮೇನ್ ವಾಪಸ್ ಪಡೆದರೆ ಸಾಲದು. ಮೊದಲು ವಕೀಲರ ನೋಟಿಸ್, ಜಗ್ಗದಿದ್ದರೆ ಕೋರ್ಟಿನಲ್ಲಿ ತಡೆಯಾಜ್ಞೆಯ ಕೋರಿಕೆ. ತುರ್ತು ಇಲ್ಲದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದೂ ಕೆಟ್ಟದ್ದಲ್ಲ, ಎಷ್ಟೋ ಹೆಸರಿನ ಜಗಳಗಳು ಮೇಜಿನ ಮುಂದೆ ಕೂತು ಮುಗಿಯುತ್ತವೆ. ಪೊಲೀಸ್ ದೂರು ಈಗ ಬೇಡ. ದುಡ್ಡು ಪಡೆದು ಸರಕನ್ನೇ ಕಳಿಸದೆ ಮೋಸ ಮಾಡಿದ್ದಾರೆ ಎಂದು ಯಾರಾದರೂ ಹೇಳಿದರೆ, ಅಂಥವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಈಗ ಹುಡುಕಬೇಕಾದ ಕಾಗದಗಳು. ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲುಗಳು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅವು ಮೂರನೆಯವರು ತಾರೀಖು ಹಾಕಿ ಕೊಟ್ಟ ಕಾಗದ. ನಗರಸಭೆಯ ಟ್ರೇಡ್ ಲೈಸೆನ್ಸ್, ಹಳೆಯ ಮಾರಾಟ ತೆರಿಗೆ ಕಾಗದ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಸಿದ್ಧಗಂಗೆ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿದ್ದೆವು ಎಂದಿದ್ದೀರಲ್ಲ, ಅದರ ರಸೀದಿ. ನಿಮ್ಮ ಹಳೆಯ ಲೇಬಲ್‌ಗಳ ಇಂಗ್ಲಿಷ್‌ನಲ್ಲಿ ‘ಟುಮ್ಕೂರ್’ ಎಂದಿದ್ದು ಈಚಿನವುಗಳಲ್ಲಿ ‘ತುಮಕೂರು’ ಆಗಿದೆ. 2014ರ ನವೆಂಬರ್ 1ರಂದು ಸರ್ಕಾರ ಊರಿನ ಇಂಗ್ಲಿಷ್ ಕಾಗುಣಿತ ಬದಲಿಸಿದ್ದರಿಂದ ಹೀಗಾಗಿದೆ. ಎದುರಿನವರು ಕೊಂಡಿರುವುದು ಹಳೆಯ ಕಾಗುಣಿತ. ‘ಅದೇ ಬೇರೆ, ಇದೇ ಬೇರೆ’ ಎಂಬ ವಾದ ಬಂದರೆ ಎರಡೂ ಲೇಬಲ್ ಪಕ್ಕಪಕ್ಕ ಇಟ್ಟು ತೋರಿಸಿ. ಕನ್ನಡದಲ್ಲಿ ನಿಮ್ಮ ಬೋರ್ಡು ಒಂದಕ್ಷರವೂ ಬದಲಾಗಿಲ್ಲ. ಇವತ್ತೇ ಡಾಟ್ ಇನ್ ಖಾಲಿ ಇದೆಯೇ ನೋಡಿ, ಎರಡೂ ಕಾಗುಣಿತದಲ್ಲಿ ತೆಗೆದುಕೊಳ್ಳಿ. ನಿಮ್ಮ ಹೆಸರಲ್ಲೇ ತೆಗೆದುಕೊಳ್ಳಿ. ನಮ್ಮ ಪತ್ರಿಕೆಯ ಡೊಮೇನ್ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿತ್ತು. ಅವರು ಕೆಲಸ ಹುಡುಕಿಕೊಂಡು ದೇಶ ಬಿಟ್ಟಾಗ ನವೀಕರಣದ ಈಮೇಲ್ ಅವರಿಗೇ ಹೋಗಿ, ಅವಧಿ ಮುಗಿದು, ಮೂರು ವಾರ ನಮ್ಮ ಓದುಗರಿಗೆ ಖಾಲಿ ಪುಟ ಕಂಡಿತು. ಆ ಮೂರು ವಾರದ ಸಂಕಟ ನಿಮಗೆ ಬರಬಾರದು.

ಟ್ರೇಡ್‌ಮಾರ್ಕ್ ಅರ್ಜಿಯ ಪ್ರತಿಯನ್ನು ಈಗಲೇ ತೆರೆದು ‘ಬಳಕೆ’ ಎಂಬ ಕಡೆ ಏನು ಬರೆದಿದೆ ನೋಡಿ. ಏಜೆಂಟರು ಅವಸರದಲ್ಲಿ ‘ಇನ್ನು ಮುಂದೆ ಬಳಸಲಿದ್ದೇವೆ’ ಎಂದು ತುಂಬಿಬಿಡುವುದುಂಟು. ಹಾಗಿದ್ದರೆ ಅಷ್ಟು ವರ್ಷದ ವ್ಯಾಪಾರವನ್ನು ನೀವೇ ಕೈಯಾರೆ ಅಳಿಸಿದಂತೆ. ಕೂಡಲೇ ವಕೀಲರನ್ನು ಕಾಣಿ. ಅಲ್ಲಿ 1996 ಎಂದಿರಬೇಕು, ಜೊತೆಗೆ ಅಫಿಡವಿಟ್ ಇರಬೇಕು. ಎದುರಿನವರೂ ಅರ್ಜಿ ಹಾಕಿದ್ದಾರೆಯೇ ಎಂದು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಅವರ ಅರ್ಜಿ ಆ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾಗಿದ್ದರೆ ತಕರಾರು ಹಾಕಲು ನಾಲ್ಕೇ ತಿಂಗಳು. ನೋಂದಣಿ ಆಗುವ ತನಕ ಪ್ಯಾಕೆಟ್ ಮೇಲೆ ವೃತ್ತದೊಳಗಿನ ‘ಆರ್’ ಗುರುತು ಹಾಕಬೇಡಿ, ಅದಕ್ಕೆ ಕಾಯ್ದೆಯಲ್ಲಿ ದಂಡ ಇದೆ.

ಕೊನೆಗೆ ನೀವು ಕೇಳಿದ್ದು, ಅತ್ತೆಯವರನ್ನು ಕೋರ್ಟಿಗೆ ಅಲೆಸಬೇಕಾಗುತ್ತದೆಯೇ ಎಂದು. ನಡೆಯಲಾಗದವರ ಸಾಕ್ಷ್ಯವನ್ನು ಕೋರ್ಟ್ ನೇಮಿಸಿದ ಕಮಿಷನರ್ ಮನೆಗೇ ಬಂದು ದಾಖಲಿಸುವ ಅವಕಾಶ ಇದೆ. ಅದಕ್ಕಿಂತ ಮೊದಲು ಮನೆಯೊಳಗೇ ಒಂದು ಕೆಲಸ ಇದೆ. ಅಂಗಡಿ ಶುರುಮಾಡಿದ್ದು ಅವರು, ಹಳೆಯ ಕಾಗದಗಳೆಲ್ಲ ಅವರ ಹೆಸರಿನಲ್ಲಿವೆ, ಅರ್ಜಿ ಹಾಕಿರುವುದು ನೀವು. ಆ ಹೆಸರು, ಅದರ ವ್ಯಾಪಾರ ಅವರಿಂದ ನಿಮಗೆ ಹೇಗೆ ಬಂತು ಎಂಬುದಕ್ಕೆ ಒಂದು ಬರಹ ಬೇಕು, ಇಲ್ಲದಿದ್ದರೆ ಎದುರಿನ ವಕೀಲರು ಮೊದಲು ಹಿಡಿಯುವುದೇ ಆ ಎಳೆಯನ್ನು. ಸ್ಟಾಂಪ್ ಕಾಗದದ ಮೇಲೆ ವರ್ಗಾವಣೆ ಪತ್ರ ಬರೆಸಿ ಅವರ ಸಹಿ ಹಾಕಿಸಿ. ಸಹಿಗೆ ಮುಂಚೆ ಒಂದು ಮಧ್ಯಾಹ್ನ ಅವರ ಜೊತೆ ಕೂತು, ಮೊದಲ ಪ್ಯಾಕೆಟ್ ಯಾರಿಗೆ ಮಾರಿದರು, ರಬ್ಬರ್ ಸ್ಟಾಂಪ್ ಎಲ್ಲಿ ಮಾಡಿಸಿದರು, ಆ ಹೆಸರು ಇಡು ಎಂದವರು ಯಾರು ಎಂದು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ರಬ್ಬರ್ ಸ್ಟಾಂಪ್ ಇನ್ನೂ ಮನೆಯಲ್ಲಿದ್ದರೆ ಒರೆಸಿ ಎತ್ತಿಡಿ.

– ಸಂಪಾದಕ