ಬ್ಲೂಮ್‌ಬರೋ ಸೀಲ್ಡ್: ಒಂದೇ ಪ್ರಾಣಿಯ ಡೆಕ್ ಬೇಕೇ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟವನ್ನು ಈಚೆಗಷ್ಟೇ ಕಲಿತಿರುವ ನೀವು, ಬ್ಲೂಮ್‌ಬರೋ ಸೆಟ್‌ನ ಆರು ಪ್ಯಾಕ್‌ಗಳನ್ನು ಒಡೆದು ಸೀಲ್ಡ್ (ಒಡೆದ ಪ್ಯಾಕ್‌ಗಳ ಕಾರ್ಡ್‌ಗಳಿಂದಷ್ಟೇ ಡೆಕ್, ಅಂದರೆ ಆಡುವ ಕಟ್ಟು, ಮಾಡಿಕೊಳ್ಳುವ ಬಗೆ) ಆಡುವಾಗ ಒಂದೇ ಪ್ರಾಣಿಯ ಕಾರ್ಡ್‌ಗಳಿಂದಲೇ ಡೆಕ್ ಕಟ್ಟಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದ, ಮನುಷ್ಯರೇ ಇಲ್ಲದ ಈ ಸೆಟ್‌ನಲ್ಲಿ ಆಟದ ಐದು ಬಣ್ಣಗಳಿಂದಾಗುವ ಹತ್ತು ಜೋಡಿಗಳಿಗೆ ಹತ್ತು ಪ್ರಾಣಿಗಳನ್ನು ಹಂಚಲಾಗಿದೆ: ಕೆಂಪು-ಬಿಳಿಗೆ ಇಲಿ, ಹಸಿರು-ಬಿಳಿಗೆ ಮೊಲ, ಕಪ್ಪು-ಹಸಿರಿಗೆ ಅಳಿಲು, ನೀಲಿ-ಕೆಂಪಿಗೆ ನೀರುನಾಯಿ, ಹೀಗೆ. ಡ್ರಾಫ್ಟ್ ಎಂಬ ಇನ್ನೊಂದು ಬಗೆಯಲ್ಲಾದರೆ ಕೈಯಿಂದ ಕೈಗೆ ಬರುವ ಪ್ಯಾಕ್‌ಗಳಿಂದ ಬೇಕಾದ ಪ್ರಾಣಿಯನ್ನೇ ಆರಿಸುತ್ತ ಹೋಗಬಹುದು. ಸೀಲ್ಡ್‌ನಲ್ಲಿ ನಿಮಗೆ ಸಿಗುವ 84 ಕಾರ್ಡ್‌ಗಳು ಈ ಹತ್ತು ಗುಂಪುಗಳಲ್ಲಿ ಚದುರಿರುವುದರಿಂದ ಒಂದೇ ಗುಂಪಿನ ಹದಿನೈದು ಒಳ್ಳೆಯ ಜೀವಿಗಳು ಕೂಡುವುದು ಅಪರೂಪ.

ಇಲಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅವುಗಳ ‘ವ್ಯಾಲಿಯಂಟ್’ ಗುಣವು, ನಿಮ್ಮದೇ ಮಂತ್ರವೋ ಸಾಮರ್ಥ್ಯವೋ ಆ ಸರದಿಯಲ್ಲಿ ಮೊದಲ ಬಾರಿಗೆ ಅವುಗಳನ್ನು ಗುರಿಯಾಗಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಹಾಗೆ ಗುರಿಯಾಗಿಸುವ ಕಾರ್ಡ್‌ಗಳು ಕಡಿಮೆಯಿದ್ದರೆ ಇಲಿ ಬರೀ ಸಣ್ಣ ಜೀವಿಯಾಗಿ ಉಳಿಯುತ್ತದೆ. ‘ಆಫ್‌ಸ್ಪ್ರಿಂಗ್’ ಹಾಗಲ್ಲ. ಹೆಚ್ಚುವರಿ ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ) ತೆತ್ತರೆ ಅದೇ ಜೀವಿಯ 1/1 (ಬಲ 1, ತಾಳಿಕೆ 1) ಪ್ರತಿಯೂ ಕಣಕ್ಕಿಳಿಯುವುದರಿಂದ, ಜೊತೆಗಾರರು ಯಾರೇ ಇರಲಿ, ಅದು ಉಪಯುಕ್ತವೇ (ನಾನಂತೂ ಅಂತಹ ಕಾರ್ಡನ್ನು ಸುಲಭವಾಗಿ ಕೈಬಿಡುವುದಿಲ್ಲ).

ಆದ್ದರಿಂದ ಮೊದಲು ಎದುರಾಳಿಯ ಜೀವಿಗಳನ್ನು ನಾಶಮಾಡುವ ಕಾರ್ಡ್‌ಗಳು ಯಾವ ಎರಡು ಬಣ್ಣಗಳಲ್ಲಿ ಹೆಚ್ಚಿವೆ ಎಂದು ನೋಡಿ, ಬಳಿಕ ಎರಡು-ಮೂರು ಮಾನಾದ ಜೀವಿಗಳನ್ನು ಎಣಿಸಿಕೊಳ್ಳಿ. 40 ಕಾರ್ಡ್‌ಗಳ ಡೆಕ್‌ನಲ್ಲಿ 17 ಲ್ಯಾಂಡ್ (ಮಾನಾ ಕೊಡುವ ಕಾರ್ಡ್) ಇಟ್ಟುಕೊಂಡರೆ ಸಾಕು.